ಗಡಿ ಹೇಳಿದ ಕುಳವಾಡಿಗೆ ಗೇಣು ನೆಲವಿಲ್ಲ

ಬೇಲಿ ತಕರಾರು ಅಂದರೆ ಅದು ಇಬ್ಬರು ನೆರೆಯವರ ತಕರಾರು, ಅದಕ್ಕೆ ಜಾತಿ ತರಬೇಡಿ, ಅಳತೆ ಮಾಡಿಸಿ, ಕಲ್ಲು ನೆಡಿಸಿ, ಸುಮ್ಮನಿರಿ ಅಂತ ನಮಗೆ ಬುದ್ಧಿ ಹೇಳುವವರು ಬಹಳ ಜನ. ಹೇಳುವವರು ಕೆಟ್ಟವರೇನಲ್ಲ. ಅವರಲ್ಲಿ ಮೇಷ್ಟ್ರುಗಳಿದ್ದಾರೆ, ವಕೀಲರಿದ್ದಾರೆ, ಹಸಿರು ಶಾಲು ಹೊದ್ದ ಗೆಳೆಯರೂ ಇದ್ದಾರೆ. ಅವರಿಗೆ ನಾವು ಕೇಳುವುದು ಒಂದೇ ಮಾತು: ನೆರೆಯವರು ಅಂತ ಯಾರನ್ನ ಕರೀತೀರಿ? ಇನ್ನೂರು ಎಕರೆ ತೋಟದ ಸಾಹುಕಾರನೂ, ಅವನ ಬೇಲಿಗೆ ಬೆನ್ನು ಕೊಟ್ಟು ಐದು ಗುಂಟೆಯಲ್ಲಿ ಹನ್ನೆರಡು ಮನೆ ಕಟ್ಟಿಕೊಂಡಿರೋ ಕೇರಿಯವರೂ ನೆರೆಹೊರೆಯೇ? ಬೆಳಿಗ್ಗೆ ಏಳಕ್ಕೆ ಅವನ ತೋಟದ ಗೇಟಿನ ಮುಂದೆ ಕೂಲಿಗೆ ನಿಲ್ಲೋನು, ಸಂಜೆ ಹೋಗಿ ಅವನ ಮೇಲೆ ತಕರಾರು ಅರ್ಜಿ ಕೊಡೋದು ಹೇಗೆ? ಕೊಟ್ಟರೆ ನಾಳೆ ಬೆಳಿಗ್ಗೆ ರೈಟರು ಅವನ ಹೆಸರು ಕೂಗ್ತಾನಾ?

ಈ ಪ್ರಶ್ನೆಗೆ ಉತ್ತರ ಕೊಡದೆ ಬೇಲಿಯ ಬಗ್ಗೆ ಯಾರೂ ನ್ಯಾಯ ಹೇಳಲಾಗುವುದಿಲ್ಲ.

ಬಿಕ್ಕೋಡು ಬೇಲೂರು ತಾಲೂಕಿನ ಒಂದು ಹೋಬಳಿ. ಬೇಲೂರು ಅಂದ ಕೂಡಲೇ ದೇಶದವರಿಗೆಲ್ಲ ಚೆನ್ನಕೇಶವನ ಗುಡಿ, ಶಿಲಾಬಾಲಿಕೆಯರು ನೆನಪಾಗುತ್ತಾರೆ. ಇಲ್ಲಿನ ನಮಗೆ ನೆನಪಾಗುವುದು ಕಾಫಿ, ಮೆಣಸು, ಮಳೆ, ಆನೆ, ಮತ್ತೆ ಬೇಲಿ. ಹಿಂದೆ ಬೇಲಿ ಅಂದರೆ ಲಂಟಾನ, ಕತ್ತಾಳೆ, ಹಾಲುವಾಣದ ಗೂಟ. ಅದರಲ್ಲಿ ಮಕ್ಕಳು ನುಸೀತಿದ್ದವು, ನಾಯಿ ನುಸೀತಿತ್ತು, ಸೌದೆ ಹೊರೆ ಹೊತ್ತ ಹೆಂಗಸರೂ ನುಸೀತಿದ್ದರು. ಆಮೇಲೆ ಕಲ್ಲುಕಂಬ, ಮುಳ್ಳುತಂತಿ ಬಂತು. ಈಗ ಕರೆಂಟು ಹರಿಯುವ ಐಬೆಕ್ಸ್ ಬೇಲಿ. ಬೇಲಿ ಗಟ್ಟಿಯಾದಷ್ಟೂ ಅದರ ಒಳಗಿನ ಸುಳ್ಳೂ ಗಟ್ಟಿಯಾಗುತ್ತಾ ಬಂತು.

ಬೇಲಿ ನಡೆಯುತ್ತದೆ. ಇದು ನಂಬದವರು ನಮ್ಮ ಕಡೆ ಬಂದು ನೋಡಬೇಕು. ಒಂದು ಮಳೆಗಾಲದಲ್ಲಿ ಹಳೆ ಗೂಟ ಕೊಳೆಯುತ್ತದೆ. ಹೊಸ ಗೂಟ ಹುಗಿಯುವಾಗ ಒಂದು ಹೆಜ್ಜೆ ಆಚೆ ಹುಗಿಯುತ್ತಾರೆ. ಹುಗಿಯುವವರು ಯಾರು? ನಾವೇ. ಕೂಲಿ ಕೊಟ್ಟು ನಮ್ಮ ಕೈಯಲ್ಲೇ ನಮ್ಮ ಕೇರಿಯ ಕಡೆಗೆ ಗೂಟ ಹುಗಿಸುತ್ತಾರೆ. ಒಂದು ಹೆಜ್ಜೆಗೇನಾಯ್ತು ಅಂತ ಸುಮ್ಮನಿರುತ್ತೇವೆ. ಲೆಕ್ಕ ಹಾಕಿ ನೋಡಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1,089 ಚದರಡಿ. ಇಂಥ 40 ಗುಂಟೆ ಸೇರಿದರೆ ಒಂದು ಎಕರೆ. ತೋಟದ ಒಂದು ಮಗ್ಗುಲಿನ ಬೇಲಿ 1,650 ಅಡಿ ಇದೆ ಅಂತಿಟ್ಟುಕೊಳ್ಳಿ. ಅದು ಒಂದೇ ಒಂದು ಸಲ ಮೂರು ಅಡಿ ನಾಲ್ಕು ಅಂಗುಲದಷ್ಟು ಮುಂದೆ ಬಂದರೆ ಐದು ಗುಂಟೆ ಹೋಯಿತು. 30-40 ಅಳತೆಯ ನಾಲ್ಕೂವರೆ ಮನೆ ನಿವೇಶನ ಹೋಯಿತು. ಒಂದು ಹೆಜ್ಜೆಗೆ ನಾಲ್ಕು ಸಂಸಾರ! ಮಗನಿಗೆ ಮದುವೆಯಾದರೆ ಮಲಗಲು ಜಾಗವಿಲ್ಲ ಅಂತ ಪಂಚಾಯಿತಿ ಮುಂದೆ ಕೈ ಮುಗಿದು ನಿಲ್ಲೋರು, ಆ ಜಾಗ ಎಲ್ಲಿ ಹೋಯ್ತು ಅಂತ ಬೇಲಿಯ ಕಡೆ ತಿರುಗಿ ನೋಡೋದಿಲ್ಲ.

ಈ ನೆಲದ ಗಡಿ ಬಲ್ಲವರು ಯಾರು ಅನ್ನುವ ಮಾತಿಗೆ ಬರೋಣ. ಇದನ್ನ ನಾವು ಹೇಳಿದರೆ ಜಂಬ ಅಂತೀರಿ. ಬರೆದಿಟ್ಟವರ ಕೈಯಲ್ಲೇ ಹೇಳಿಸೋಣ. 1870ರ ದಶಕದಲ್ಲಿ ಈ ಹಾಸನ ಸೀಮೆಯಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಮೆಕೆಂಜಿ ಅನ್ನುವ ಇಂಗ್ಲಿಷಿನವನು ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಇಲ್ಲಿನ ಹೊಲಗೇರಿಗಳ ಬಗ್ಗೆ ಬರೆದ. ಅದು ಮುಂದೆ ಮೈಸೂರು ಗೆಜೆಟಿಯರಿಗೂ ಸೇರಿತು. ಅವನು ಬರೆದದ್ದರ ತಾತ್ಪರ್ಯ ಇಷ್ಟು: ಎರಡು ಊರಿನ ನಡುವೆ ಗಡಿ ವ್ಯಾಜ್ಯ ಬಂದರೆ ಪ್ರಮಾಣ ಮಾಡಿ ಗಡಿ ಹೇಳುವ ಅಧಿಕಾರ ಇದ್ದದ್ದು ಕುಳವಾಡಿಗೆ, ಅಂದರೆ ಊರ ಹೊಲೆಯನಿಗೆ. ಅವನು ಊರ ಮಣ್ಣಿನ ಉಂಡೆಯನ್ನು ತಲೆ ಮೇಲೆ ಹೊತ್ತು ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ನಿಲ್ಲುತ್ತದೆ. ಗೆರೆ ತಪ್ಪಿದರೆ ಉಂಡೆ ತಾನಾಗಿ ಒಡೆಯುತ್ತದೆ, ಅವನು 15 ದಿನದೊಳಗೆ ಸಾಯುತ್ತಾನೆ, ಮನೆ ಹಾಳು ಬೀಳುತ್ತದೆ ಅನ್ನೋದು ಜನರ ನಂಬಿಕೆ. ಊರ ಎಲ್ಲೆಯೊಳಗೆ ಸತ್ತ ದನದ ಚರ್ಮ ಕುಳವಾಡಿಗೆ ಸೇರುತ್ತಿದ್ದುದರಿಂದ, ಯಾವ ಊರ ಕುಳವಾಡಿ ಎಲ್ಲಿಯವರೆಗೆ ಸತ್ತ ದನ ಎಳೆಯುತ್ತಿದ್ದ ಅನ್ನುವುದರ ಮೇಲೇ ಎಷ್ಟೋ ಊರುಗಳ ಗಡಿ ತೀರ್ಮಾನವಾಗುತ್ತಿತ್ತು. ಎರಡು ಕಡೆಯ ಕುಳವಾಡಿಗಳು ಒಪ್ಪಿದರೆ ಗೌಡನಾಗಲಿ ಶಾನುಭೋಗನಾಗಲಿ ಮರುಮಾತಾಡುವಂತಿರಲಿಲ್ಲ.

ಇದನ್ನು ಓದಿ ನಮ್ಮ ಹುಡುಗರು ಕೆಲವರು ಎದೆ ಉಬ್ಬಿಸುತ್ತಾರೆ. ಉಬ್ಬಿಸಬೇಡಿ. ಇದರಲ್ಲಿ ಗೌರವ ಎಷ್ಟಿದೆಯೋ ಮೋಸವೂ ಅಷ್ಟೇ ಇದೆ. ಗಡಿ ತಪ್ಪಿದರೆ ಸಾಯುವವನು ಕುಳವಾಡಿ. ಗಡಿ ಸರಿಹೋದರೆ ನೆಲ ಸಿಗುವುದು ಬೇರೆಯವರಿಗೆ. ಊರಿನ ಎಲ್ಲೆಯ ಕಲ್ಲು ಕಲ್ಲೂ ಬಲ್ಲವನ ಮನೆ ಮಾತ್ರ ಊರ ಬೇಲಿಯ ಹೊರಗೆ. ಸತ್ಯ ಹೇಳುವ ಭಾರವನ್ನು ನಮ್ಮ ತಲೆಗೆ ಹೊರಿಸಿ, ಸತ್ಯದಿಂದ ಬರುವ ಫಸಲನ್ನು ತಮ್ಮ ಕಣಜಕ್ಕೆ ತುಂಬಿಕೊಂಡರು. ಸರಪಳಿ ಹಿಡಿದ ಸರ್ವೆಯವರು ಬಂದ ಮೇಲೆ ಆ ಒಂದು ಮಾತೂ ಹೋಯಿತು. ಗಡಿ ಅನ್ನುವುದು ಟಿಪ್ಪಣಿ ಪುಸ್ತಕಕ್ಕೆ, ನಕಾಶೆಗೆ, ಆಕಾರಬಂದಿಗೆ ಸೇರಿತು. ಓದು ಬಾರದವನು ಅಲ್ಲಿಗೆ ಮೂಕನಾದ.

ಈಗಿನ ಅಳತೆ ಹೇಗೆ ನಡೆಯುತ್ತದೆ? ಇದು ಒಂದು ಕೇರಿಯ ಕತೆಯಲ್ಲ, ಹತ್ತಾರು ಕೇರಿಗಳದ್ದು. ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಫೀಸು ಕಟ್ಟಿ, ತಿಂಗಳುಗಟ್ಟಲೆ ಕಾದ ಮೇಲೆ ಸರ್ವೆಯವರು ಬರುತ್ತಾರೆ. ಬರುವುದು ತೋಟದವರ ಜೀಪಿನಲ್ಲಿ. ಕಾಫಿ, ತಿಂಡಿ ಬಂಗಲೆಯಲ್ಲಿ. ಕೇರಿಯ ಮುದುಕ ಕೈಕಟ್ಟಿ ನಿಂತಿರುತ್ತಾನೆ.

“ನಿಮ್ಮ ಚಕ್ಕುಬಂದಿ ಏನಜ್ಜ?”

“ಮೂಡ್ಲಿಗೆ ಹಳ್ಳ ಕಣ್ ಬುದ್ಧಿ, ಪಡುವ್ಲಿಗೆ ಹಲಸಿನ ಮರ, ತೆಂಕ್ಲಿಗೆ ದಾರಿ, ಬಡಗ್ಲಿಗೆ ನಮ್ಮಪ್ಪನ್ನ ಮಣ್ಣು ಮಾಡಿರೋ ಜಾಗ.”

“ಅದೆಲ್ಲ ಟಿಪ್ಪಣೀಲಿ ಇಲ್ಲ ಅಜ್ಜ.”

ಹಲಸಿನ ಮರವನ್ನು ತೋಟದವರು ಕಡಿಸಿ ಎಷ್ಟೋ ವರ್ಷವಾಯಿತು. ದಾರಿ ಬೇಲಿಯೊಳಗೆ ಸೇರಿತು. ಅಪ್ಪನ ಗುಂಡಿಯ ಮೇಲೆ ಮೆಣಸಿನ ಬಳ್ಳಿ ಹಬ್ಬಿದೆ. ಉಳಿದದ್ದು ಹಳ್ಳ ಒಂದೇ. ಅದೂ ಮಳೆಗಾಲದಲ್ಲಿ ಜಾಗ ಬದಲಾಯಿಸುತ್ತದೆ.

ನಮ್ಮವರಿಗೆ ಸರ್ಕಾರ ಜಮೀನು ಕೊಟ್ಟಿಲ್ಲವೇ ಅಂತೀರಿ. ಕೊಟ್ಟಿದೆ. 1969ರ ಭೂಮಂಜೂರಾತಿ ನಿಯಮದಲ್ಲಿ ಹಂಚುವ ಭೂಮಿಯ ಶೇಕಡಾ 50 ಪರಿಶಿಷ್ಟ ಜಾತಿ, ಪಂಗಡಕ್ಕೆ ಅಂತ ಬರೆದಿದೆ. ಆದರೆ ಕೊಟ್ಟ ರೀತಿ ನೋಡಿ. ಒಂದು ದೊಡ್ಡ ಸರ್ವೆ ನಂಬರು, ಅದರಲ್ಲಿ ಹತ್ತು ಜನಕ್ಕೆ ಸಾಗುವಳಿ ಚೀಟಿ. ಯಾರದ್ದು ಎಲ್ಲಿ ಅಂತ ಪೋಡಿ ಮಾಡಿ ಕಲ್ಲು ನೆಟ್ಟಿಲ್ಲ. ಕೈಯಲ್ಲಿ ಎರಡೆಕರೆಯ ಕಾಗದ ಇದೆ, ಕಾಲಿಡಲು ಹೋದರೆ ಎರಡೆಕರೆ ಎಲ್ಲಿದೆ ಅಂತ ಗೊತ್ತಿಲ್ಲ. ಗುರುತಿಲ್ಲದ ನೆಲದ ಮೇಲೆ ಗುರುತಿರುವವನು ಬೇಲಿ ಹಾಕುತ್ತಾನೆ. ಕೇಳಿದರೆ “ನಿಂದು ಆ ಕಡೆ ಇರ್ಬೇಕು ನೋಡೋ” ಅನ್ನುತ್ತಾನೆ. ಆ ಕಡೆ ಹೋದರೆ ಅರಣ್ಯ ಇಲಾಖೆಯ ಕಲ್ಲು. ದರಖಾಸ್ತು ಪೋಡಿ ಮಾಡಿಕೊಡುತ್ತೇವೆ ಅಂತ ಈಚೆಗೆ ಸರ್ಕಾರ ಅಭಿಯಾನ ಹೊರಡಿಸಿದೆ. ಒಳ್ಳೆಯದು. ಮೊದಲು ಯಾರ ಕೇರಿಗೆ ಬರುತ್ತಾರೆ ಅನ್ನುವುದನ್ನು ನಾವು ನೋಡುತ್ತೇವೆ.

ಕಾನೂನಿನಲ್ಲಿ ಕಾಲ ಅನ್ನುವುದೊಂದು ಇದೆ. ಅದು ಎಲ್ಲರಿಗೂ ಒಂದೇ ಅಂತ ತಿಳಿಯಬೇಡಿ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಬೇರೆಯವನ ಖಾಸಗಿ ಜಮೀನನ್ನು ರಾಜಾರೋಷವಾಗಿ, ಎದುರು ಹಕ್ಕು ಸಾಧಿಸಿ 12 ವರ್ಷ ಅನುಭವಿಸಿದರೆ, ಕಳಕೊಂಡವನ ದಾವೆಯ ಹಕ್ಕು ಹೋಗುತ್ತದೆ. ಸರ್ಕಾರದ ಜಮೀನಾದರೆ 30 ವರ್ಷ. ಅಂದರೆ ಒತ್ತಿದವನಿಗೆ ಕಾಲ ಕೂಡಿಬರುತ್ತದೆ. ಬೇಲಿ ಹಳೆಯದಾದಷ್ಟೂ ಹಕ್ಕು ಹೊಸದಾಗುತ್ತದೆ. ಇನ್ನು ನಮ್ಮ ಕಡೆಯ ಕಾನೂನು. 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ದಲಿತರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಅದು ಅನೂರ್ಜಿತ, ಅಸಿಸ್ಟೆಂಟ್ ಕಮಿಷನರು ಬಿಡಿಸಿಕೊಡಬೇಕು ಅಂತ. ಭೂಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1984ರಲ್ಲಿ ಮಂಚೇಗೌಡ ಮೊಕದ್ದಮೆಯಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ನಾವು ಕುಣಿದಾಡಿದೆವು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಮೊಕದ್ದಮೆಯಲ್ಲಿ ಅದೇ ಕೋರ್ಟು, ಬಹಳ ವರ್ಷ ತಡವಾಗಿ ಬಂದ ಅರ್ಜಿ ನಡೆಯುವುದಿಲ್ಲ, ಸಮಂಜಸ ಕಾಲದೊಳಗೆ ಬರಬೇಕು ಅಂದಿತು. ಕೆಳಗಿನ ಕಚೇರಿಗಳಲ್ಲಿ ನಮ್ಮ ಅರ್ಜಿಗಳು ಒಂದೊಂದಾಗಿ ಬಿದ್ದವು. ಹೋರಾಟ ಮಾಡಿ 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ತರಿಸಿಕೊಂಡೆವು. ಆದರೂ ತಡದ ಮಾತು ಕೋರ್ಟುಗಳಲ್ಲಿ ಇನ್ನೂ ನಿಂತಿಲ್ಲ.

ತಡ! ಅಕ್ಷರ ಕಲಿಯಲು ಬಿಡದೆ ಮೂರು ತಲೆಮಾರು ತಡ ಮಾಡಿದವರು ಯಾರು? ಸಾಲಕ್ಕೆ ಸಾಗುವಳಿ ಚೀಟಿ ಬರೆಸಿಕೊಂಡು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟವರು ಯಾರು? ಜೀತದವನು ಧಣಿಯ ಮೇಲೆ ಅರ್ಜಿ ಕೊಡಲು ಯಾವ ಕಾಲ ಸಮಂಜಸ?

ಪಿಟಿಸಿಎಲ್ ಕಾಯ್ದೆಯ ಒಳಗೇ ಇನ್ನೊಂದು ಗಂಟಿದೆ. ವಂಶಪಾರಂಪರ್ಯ ಊಳಿಗಕ್ಕೆ ಬಂದ ಜಮೀನು, ಅಂದರೆ ತೋಟಿ, ತಳವಾರಿಕೆಗೆ ಬಂದ ಇನಾಮು, ಈ ಕಾಯ್ದೆಯ ರಕ್ಷಣೆಯೊಳಗೆ ಬರುವುದಿಲ್ಲ. ತಲೆತಲಾಂತರದಿಂದ ಊರ ಗಡಿ ಕಾದವನಿಗೆ, ಬೆಟ್ಟಿಬೇಗಾರಿ ಮಾಡಿದವನಿಗೆ ಬಂದ ತುಂಡು ನೆಲಕ್ಕೆ ಈ ಬೇಲಿ ಹಾಕಲು ಕಾನೂನು ಮರೆತುಬಿಟ್ಟಿತು.

ಮರೆಯಲಿಲ್ಲ ಯಾರನ್ನ? ತೋಟದವರನ್ನ. ಉಳುವವನೇ ಒಡೆಯ ಅಂತ 1974ರಲ್ಲಿ ಭೂಸುಧಾರಣೆ ಜಾರಿಯಾದಾಗ ನಮ್ಮ ಕಡೆ ಹಿರಿಯರು ಕಾದರು. ಭೂಸುಧಾರಣೆ ಕಾಯ್ದೆಯ 104ನೇ ಕಲಮು ಕಾಫಿ, ಟೀ, ರಬ್ಬರಿನಂಥ ತೋಟಗಳನ್ನು ಭೂಮಿತಿಯ ಹೊರಗೆ ಇಟ್ಟಿತ್ತು. ಗದ್ದೆ ಗೇಣಿಗೆ ಮಾಡಿದವರಿಗೆ ಅಷ್ಟೋ ಇಷ್ಟೋ ಸಿಕ್ಕಿತು. ಕಾಫಿ ಕುಯ್ಯುವವನು ಗೇಣಿದಾರನಲ್ಲ, ಕೂಲಿ. ಅವನಿಗೆ ಏನೂ ಸಿಗಲಿಲ್ಲ. ಮಿತಿಯಿಲ್ಲದ ತೋಟ ಸಾಲದೆಂದು ಪಕ್ಕದ ಗೋಮಾಳ, ಖರಾಬು, ಹಳ್ಳದ ದಂಡೆಗೂ ಗಿಡ ಹಾಕಿದರು. ಅದು ಒತ್ತುವರಿ. ಬಿಡಿಸಬೇಕಾದ ಸರ್ಕಾರ ಏನು ಮಾಡಿತು? 2022ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಸರ್ಕಾರಿ ಜಮೀನು ಒತ್ತಿಕೊಂಡು ಕಾಫಿ, ಏಲಕ್ಕಿ, ಮೆಣಸು ಬೆಳೆದವರಿಗೆ 25 ಎಕರೆಯವರೆಗೆ 30 ವರ್ಷ ಗುತ್ತಿಗೆ ಕೊಡುವ ದಾರಿ ಮಾಡಿತು. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಾರರ ಬಹುದಿನದ ಒತ್ತಾಯ ಅದು.

ಬಗರ್‌ಹುಕುಂ ಬಡವನಿಗೆ ಮಿತಿ ಎಷ್ಟು? ತನ್ನದೂ ಸೇರಿ 4 ಎಕರೆ 38 ಗುಂಟೆ. ಅದಕ್ಕೂ ಫಾರಂ 50, ಫಾರಂ 53, ಫಾರಂ 57 ಅಂತ ಒಂದು ಜೀವಮಾನ ಸರದಿ. ಅಪ್ಪ ಕೊಟ್ಟ ಅರ್ಜಿಗೆ ಮಗ ಓಡಾಡುತ್ತಾನೆ. 25 ಎಕರೆ ಅಂದರೆ 30-40ರ ಒಂಬೈನೂರಕ್ಕೂ ಮೇಲ್ಪಟ್ಟು ನಿವೇಶನದಷ್ಟು ನೆಲ. ರಸ್ತೆ, ಚರಂಡಿಗೆ ಬಿಟ್ಟರೂ ಒಂದು ಊರಾಗುತ್ತದೆ. ಒಬ್ಬನ ಒತ್ತುವರಿಗೆ ಒಂದು ಊರಿನಷ್ಟು ನೆಲ. 2016ರ ಡಿಸೆಂಬರಿನಲ್ಲಿ ಪಕ್ಕದ ಕೊಡಗಿನ ದಿಡ್ಡಳ್ಳಿಯಲ್ಲಿ, ಲೈನುಮನೆಗಳನ್ನು ಬಿಟ್ಟು ಬಂದು ಗುಡಿಸಲು ಹಾಕಿಕೊಂಡ ನೂರಾರು ಆದಿವಾಸಿ ಸಂಸಾರಗಳ ಮೇಲೆ ಜೆಸಿಬಿ ಹರಿಸಿದರಲ್ಲ, ಅದೂ ಇದೇ ರಾಜ್ಯ. ಗುಡಿಸಲಿನದು ಒತ್ತುವರಿ, ತೋಟದ್ದು ಸಾಗುವಳಿ! ಬೇಲಿಯೇ ಎದ್ದು ಹೊಲ ಮೇಯ್ತು ಅಂತ ಗಾದೆ ಹೇಳ್ತಾರೆ. ಮೇಯ್ದ ಬೇಲಿಗೆ ಹುಲ್ಲುಗಾವಲನ್ನೂ ಬರೆದುಕೊಟ್ಟರು ಅನ್ನೋದನ್ನ ಆ ಗಾದೆಗೆ ನಾವು ಸೇರಿಸಬೇಕಾಗಿದೆ.

ದಾರಿಯ ಮಾತು ಇನ್ನೂ ಕಹಿ. ಜಮೀನು ಇಲ್ಲದವನಿಗೂ ಸಾವು ಇದೆ. ಹೆಣ ಹೊತ್ತು ಹೊರಟರೆ ಗೇಟಿಗೆ ಬೀಗ. ಬೀಗದ ಕೈ ಇರುವ ರೈಟರು ಹಾಸನಕ್ಕೆ ಹೋಗಿದ್ದಾನೆ. ಮಳೆಯಲ್ಲಿ ಹೆಣ ಇಳಿಸಿ ಕಾದವರು ನಮ್ಮಲ್ಲಿದ್ದಾರೆ. ಸ್ಮಶಾನವಿಲ್ಲದ ಊರುಗಳಿಗೆ ಜಾಗ ಒದಗಿಸಿ ಅಂತ 2019ರಲ್ಲಿ ಹೈಕೋರ್ಟೇ ಸರ್ಕಾರಕ್ಕೆ ಹೇಳಬೇಕಾಯಿತು. ಇಂಥ ದಾರಿಗೆ ಕಾನೂನಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. 1882ರ ಅನುಭೋಗದ ಹಕ್ಕಿನ ಕಾಯ್ದೆ ಪ್ರಕಾರ ಇಪ್ಪತ್ತು ವರ್ಷ ತಡೆಯಿಲ್ಲದೆ ಹಕ್ಕಿನಿಂದ ನಡೆದ ದಾರಿ ನಡೆದವನ ಹಕ್ಕು, ಸರ್ಕಾರದ ನೆಲದ ಮೇಲಾದರೆ ಮೂವತ್ತು ವರ್ಷ. ನಕಾಶೆಯಲ್ಲಿ ಇರುವ ದಾರಿಯನ್ನು ಮುಚ್ಚಲು ಯಾವ ಸಾಹುಕಾರನಿಗೂ ಅಧಿಕಾರವಿಲ್ಲ. ಇದಕ್ಕೂ ಮಿಗಿಲಾಗಿ, 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ ಪ್ರಕಾರ ದಲಿತರು ಸ್ಮಶಾನ, ನೀರು, ದಾರಿ, ಊರ ಸಾಮೂಹಿಕ ಸೊತ್ತು ಬಳಸುವುದಕ್ಕೆ ಅಡ್ಡಿ ಮಾಡುವುದು ದೌರ್ಜನ್ಯ. ಅವರ ಜಮೀನನ್ನು ಅಕ್ರಮವಾಗಿ ಒತ್ತುವುದೂ ದೌರ್ಜನ್ಯ. ಠಾಣೆಯಲ್ಲಿ “ಇದು ಸಿವಿಲ್ ಮ್ಯಾಟರು, ಕೋರ್ಟಿಗೆ ಹೋಗಿ” ಅಂದರೆ ಈ ಕಲಮನ್ನು ಮುಂದಿಡಿ. ಸಿವಿಲ್ ಮ್ಯಾಟರು ಅನ್ನುವ ಎರಡು ಇಂಗ್ಲಿಷ್ ಮಾತು ಎಷ್ಟು ಕೇರಿಗಳನ್ನು ವಾಪಸು ಕಳಿಸಿದೆಯೋ!

ಆನೆ ಬರುತ್ತದಲ್ಲ, ಬೇಲಿ ಹಾಕದೆ ಏನು ಮಾಡುವುದು ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಬಿಕ್ಕೋಡು ಸೀಮೆಯಲ್ಲಿ ಆನೆಯ ಭಯ ಸುಳ್ಳಲ್ಲ. ಆದರೆ ಬೇಲಿ ಕಾಯುವುದು ಯಾರನ್ನ? ತೋಟದ ಸುತ್ತ ತಂತಿ ಬಿಗಿದರೆ ಆನೆ ದಾರಿ ತಿರುಗಿಸಿ ಬರುವುದು ಬೇಲಿಯಿಲ್ಲದ ಕೇರಿಯ ಕಡೆಗೆ. ಮುಂಜಾನೆ ಮಂಜಿನಲ್ಲಿ ನಡೆದು ಕೆಲಸಕ್ಕೆ ಹೋಗುವವರು ನಾವು, ಜೀಪು ನಮಗಿಲ್ಲ. 2023ರ ಡಿಸೆಂಬರಿನಲ್ಲಿ ಪಕ್ಕದ ಸಕಲೇಶಪುರ ತಾಲೂಕಿನಲ್ಲಿ ಕಾಡಾನೆ ಹಿಡಿಯಲು ಹೋಗಿ, ಅಂಬಾರಿ ಹೊತ್ತಿದ್ದ ಅರ್ಜುನ ಸತ್ತಾಗ ರಾಜ್ಯವೇ ಅತ್ತಿತು. ನಾವೂ ಅತ್ತೆವು, ಪಾಪದ ಪ್ರಾಣಿ. ಆನೆ ತುಳಿದು ಸತ್ತ ಕೂಲಿ ಹೆಂಗಸಿನ ಹೆಸರು ಮಾತ್ರ ಪರಿಹಾರದ ಚೆಕ್ಕಿನ ಮೇಲೆ ಬಿಟ್ಟು ಬೇರೆಲ್ಲೂ ಉಳಿಯುವುದಿಲ್ಲ. ಬೇಲಿಗೆ ದುಡ್ಡು ಕೊಡುವುದಾದರೆ ಮೊದಲ ಬೇಲಿ ಕೇರಿಗೆ, ಶಾಲೆಗೆ, ಲೈನುಮನೆಗೆ. ಕಾಫಿ ಗಿಡಕ್ಕೆ ಆಮೇಲೆ.

ಇನ್ನು ನಮ್ಮ ಬೆನ್ನು ನಾವೇ ನೋಡಿಕೊಳ್ಳೋಣ. ಇನ್ನೂರು ಎಕರೆಯ ಬೇಲಿ ಐದು ಗುಂಟೆ ನುಂಗಿದಾಗ ಸುಮ್ಮನಿದ್ದವರು, ಅಣ್ಣತಮ್ಮಂದಿರ ನಡುವೆ ಅರ್ಧ ಅಡಿ ಬದುವಿಗೆ ಮಚ್ಚು ಹಿಡಿಯುತ್ತೇವೆ. ತಮ್ಮನ ತಡಿಕೆ ನಮ್ಮ ಕಡೆ ಒಂದು ಗೇಣು ಬಂತು ಅಂತ ಬೇಲೂರು ಕೋರ್ಟಿಗೆ ವರ್ಷಗಟ್ಟಲೆ ಅಲೆಯುತ್ತೇವೆ. ಬಸ್ ಚಾರ್ಜು, ವಕೀಲರ ಫೀಸು ಕೂಡಿದರೆ ಆ ಗೇಣಿನ ಬೆಲೆ ಹತ್ತು ಪಟ್ಟಾಗುತ್ತದೆ. ಆ ಖರ್ಚಿಗೆ ಸಾಲ ಕೊಡುವವನು ಯಾರು? ತೋಟದ ಸಾಹುಕಾರನೇ. ರಾಜಿ ಪಂಚಾಯಿತಿ ಮಾಡಲು ಬರುವವನೂ ಅವನೇ. ನಮ್ಮ ಮುಖಂಡರಲ್ಲೂ ಕೆಲವರಿದ್ದಾರೆ. ಬೆಳಿಗ್ಗೆ ಬೇಲಿ ಮುಂದೆ ಘೋಷಣೆ, ಸಂಜೆ ಬೇಲಿಯೊಳಗೆ ಬಾಡೂಟ. ಇವರ ಹೆಸರು ಬರೆಯುವುದಿಲ್ಲ. ಓದಿದಾಗ ಅವರಿಗೇ ಗೊತ್ತಾಗುತ್ತದೆ.

ರೈತ ಚಳವಳಿಯ ಗೆಳೆಯರಿಗೂ ಒಂದು ಮಾತು. ಎರಡೆಕರೆಯ ಸಣ್ಣ ಹಿಡುವಳಿದಾರನ ಬದುವನ್ನೂ ದೊಡ್ಡ ತೋಟ ತಿನ್ನುತ್ತದೆ, ಅವನು ಯಾವ ಜಾತಿಯವನಾದರೂ. ಅದು ನಮಗೆ ಗೊತ್ತು. ಅವನ ಜೊತೆ ನಿಲ್ಲಲು ನಾವು ತಯಾರು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದದ್ದೂ ಅಳತೆಯ ವಿಷಯಕ್ಕೇ. ಗೇಣಿ ಅಳೆಯುವ ಕೊಳಗ ಒಡೆಯನ ಕೈಯಲ್ಲಿ ದೊಡ್ಡದಾಗಿತ್ತು. ಆದರೆ ರೈತ ಅನ್ನುವ ಒಂದೇ ಮಾತಿನೊಳಗೆ 25 ಎಕರೆ ಒತ್ತಿದವನನ್ನೂ, ಅವನಲ್ಲಿ ಕೂಲಿ ಮಾಡುವವನನ್ನೂ ಕಟ್ಟಿ ಮೂಟೆ ಮಾಡಬೇಡಿ. ಆ ಗುತ್ತಿಗೆಯ ತಿದ್ದುಪಡಿ ಬಂದಾಗ ನೀವು ಯಾವ ಕಡೆ ನಿಂತಿರಿ? ಮೊದಲು ಅದಕ್ಕೆ ಉತ್ತರ ಹೇಳಿ, ಆಮೇಲೆ ಒಟ್ಟಿಗೆ ಕೂತು ಊಟ ಮಾಡೋಣ.

ನಮ್ಮ ಬೇಡಿಕೆ ಉದ್ದವಿಲ್ಲ. ಒಂದು ಊರಿನಲ್ಲಿ ನಿವೇಶನವಿಲ್ಲದ ಸಂಸಾರ ಒಂದೂ ಉಳಿಯದಂತಾಗುವವರೆಗೆ, ಸ್ಮಶಾನ ಮತ್ತು ಅದರ ದಾರಿ ಗುರುತಾಗುವವರೆಗೆ, ಆ ಊರಿನ ಒತ್ತುವರಿ ನೆಲದ ಒಂದು ಗುಂಟೆಯನ್ನೂ ತೋಟಕ್ಕೆ ಗುತ್ತಿಗೆ ಕೊಡಕೂಡದು. ದಲಿತರ ಮಂಜೂರಾತಿ ಜಮೀನುಗಳಿಗೆ ಸರ್ಕಾರವೇ ಖರ್ಚು ಹಾಕಿ ಪೋಡಿ ಮಾಡಿ ಕಲ್ಲು ನೆಡಬೇಕು. ಅಳತೆಯ ದಿನ ಸರ್ವೆಯವರು ಕೇರಿಗೆ ಮೊದಲು ಬರಬೇಕು.

ನಾವು ಮಾಡಬೇಕಾದದ್ದೂ ಇದೆ. ಒಬ್ಬೊಬ್ಬರೇ ಅರ್ಜಿ ಕೊಟ್ಟು ಕೂಲಿ ಕಳೆದುಕೊಳ್ಳುವುದು ಬೇಡ. ಇಡೀ ಕೇರಿ ಒಂದೇ ದಿನ, ಒಂದೇ ಕಟ್ಟಿನಲ್ಲಿ ಹದ್ದುಬಸ್ತಿನ ಅರ್ಜಿ ಕೊಡಲಿ. ಎಲ್ಲರನ್ನೂ ಕೆಲಸದಿಂದ ತೆಗೆದರೆ ಕಾಫಿ ಕುಯ್ಯುವವರು ಯಾರು? ಹದ್ದುಬಸ್ತು ಗಡಿ ತೋರಿಸುತ್ತದೆ ಅಷ್ಟೇ, ನೆಲ ಬಿಡಿಸಿಕೊಡುವುದಿಲ್ಲ. ಆದರೆ ತೋರಿಸಿದ ಗಡಿಯ ನಕಲು ಕೈಯಲ್ಲಿದ್ದರೆ ಮುಂದಿನ ಜಗಳಕ್ಕೆ ಕಾಲೂರಲು ಜಾಗ ಸಿಗುತ್ತದೆ. ಪ್ರತಿ ಕೇರಿಯಲ್ಲೂ ಊರ ನಕಾಶೆಯ ಒಂದು ಪ್ರತಿ ಅಂಬೇಡ್ಕರ್ ಫೋಟೋದ ಪಕ್ಕ ಇರಲಿ. ಜಯಂತಿಗೆ ಹಾರ ಹಾಕುವ ದಿನ ಅದನ್ನೂ ಬಿಚ್ಚಿ ನೋಡೋಣ.

ಮೇಷ್ಟ್ರೇ, ನಿಮ್ಮಿಂದ ಒಂದು ಕೆಲಸ ಆಗಬೇಕು. ಕ್ಷೇತ್ರಫಲದ ಪಾಠ ಬಂದಾಗ ಮಕ್ಕಳನ್ನು ಕಪ್ಪುಹಲಗೆಯ ಮುಂದೆ ಕೂರಿಸಬೇಡಿ. 33 ಅಡಿಯ ಹಗ್ಗ ಕೊಟ್ಟು ಹೊರಗೆ ಕರೆದುಕೊಂಡು ಹೋಗಿ. ಗೋಮಾಳ ಅಳೆಯಲಿ, ಸ್ಮಶಾನ ಅಳೆಯಲಿ, ತಮ್ಮ ಕೇರಿ ಅಳೆಯಲಿ. ಪಹಣಿಯಲ್ಲಿ ಎಷ್ಟಿದೆ, ಬೇಲಿಯೊಳಗೆ ಎಷ್ಟಿದೆ ಅಂತ ಕಳೆಯುವ ಲೆಕ್ಕ ಮಾಡಲಿ. ಉತ್ತರ ಏನು ಬಂತು ಅಂತ ಮಕ್ಕಳು ಮನೆಗೆ ಹೋಗಿ ಅಪ್ಪಅವ್ವನಿಗೆ ಹೇಳಲಿ. ಇದು ರಾಜಕೀಯ ಅಂತ ಯಾರಾದರೂ ತಕರಾರು ತೆಗೆದರೆ, ಗಣಿತ ಸ್ವಾಮಿ ಅಂತ ಹೇಳಿ.

ಕುಳವಾಡಿ ತಲೆ ಮೇಲೆ ಮಣ್ಣು ಹೊತ್ತು ಬೇರೆಯವರ ಗಡಿ ಹೇಳಿದ. ಅವನ ಮೊಮ್ಮಕ್ಕಳು ಕೈಯಲ್ಲಿ ಹಗ್ಗ ಹಿಡಿದು ತಮ್ಮ ಗಡಿ ಹೇಳುತ್ತಾರೆ. ಸತ್ತ ದನ ಎಳೆದು ಗುರುತು ಹಿಡಿದ ಎಲ್ಲೆ ನಮ್ಮದು. ಅದನ್ನು ಕೂಲಿಗೆ ಹುಗಿದ ಕೈಯೇ ಕಿತ್ತು ಸರಿಯಾದ ಜಾಗಕ್ಕೆ ಹುಗಿಯಬೇಕು.